ಗಾಂಧೀಜಿ ಮತ್ತು ಇಬ್ಬರು ನಾಸ್ತಿಕರು

“ದೇವರು ನೋಡುತ್ತಾನೆ!” ನಮ್ಮ ಮನೆಗಳಲ್ಲಿ ಮಕ್ಕಳಿಗೆ ದೊರೆಯುವ ಮೊದಲ ನೀತಿಪಾಠವಿದು. ಡಬ್ಬಿಯಿಂದ ಬೆಲ್ಲ ಕದ್ದ ಹುಡುಗನಿಗೂ ಸುಳ್ಳಾಡಿದ ಹುಡುಗಿಗೂ ತಾಯಿ ಹೇಳುವ ಮಾತು ಒಂದೇ. ಹತ್ತು ಹದಿನೈದು ವರ್ಷಗಳು ಕಳೆದ ಮೇಲೆ ಅದೇ ಹುಡುಗ ದೇವರ ಮನೆಯತ್ತ ಸುಳಿಯುವುದನ್ನು ಬಿಟ್ಟು, “ದೇವರಿದ್ದಾನೆಂದು ನನಗೆ ತೋರುವುದಿಲ್ಲ” ಎಂದರೆ ಮನೆಯವರಿಗೆ ದಿಗಿಲಾಗುತ್ತದೆ. ಪೂಜೆ ನಿಂತುಹೋಯಿತೆಂಬುದಷ್ಟೇ ಅದಕ್ಕೆ ಕಾರಣವಲ್ಲ. ನೋಡುವವನೇ ಇಲ್ಲವೆಂದ ಮೇಲೆ ಇವನು ಇನ್ನು ಯಾವುದಕ್ಕೆ ಅಂಜುತ್ತಾನೆ, ಯಾವ ಕಟ್ಟಿಗೆ ಒಳಪಡುತ್ತಾನೆ ಎಂಬುದೇ ಹೆತ್ತವರ ನಿಜವಾದ ಆತಂಕ.

ಈ ಆತಂಕವನ್ನು ನಗೆಯಾಡಿ ತಳ್ಳಿಹಾಕುವುದು ಉಚಿತವಲ್ಲ. ನೀತಿಯ ಬೇರು ದೇವರ ನಂಬಿಕೆಯಲ್ಲಿದೆಯೆ, ಅಥವಾ ಬೇರೆಲ್ಲಾದರೂ ಇದೆಯೆ ಎಂಬ ಪ್ರಶ್ನೆ ಬಹಳ ಹಳೆಯದು. ಇದಕ್ಕೆ ತರ್ಕಗ್ರಂಥಗಳಲ್ಲಿ ಉತ್ತರ ಹುಡುಕುವುದಕ್ಕಿಂತ ಒಂದು ಬಾಳಿನಲ್ಲಿ ಹುಡುಕುವುದು ಲೇಸು. ಪ್ರಾರ್ಥನಾ ಸಭೆಗೆ ನಡೆದು ಹೋಗುತ್ತಿರುವಾಗಲೇ ಪ್ರಾಣ ತೆತ್ತ ಗಾಂಧೀಜಿಯವರನ್ನು ನಾಸ್ತಿಕರ ಪಕ್ಷಪಾತಿ ಎಂದು ಯಾರೂ ಹೇಳಲಾರರು. ಅಂಥವರ ಬಾಳಿನ ಎರಡು ತುದಿಗಳಲ್ಲಿ ಇಬ್ಬರು ನಾಸ್ತಿಕರು ನಿಂತಿದ್ದಾರೆ. ಈ ಮೂವರ ಕಥೆಯನ್ನು ಒಟ್ಟಿಗೆ ನೋಡಿದರೆ ನಮ್ಮ ಪ್ರಶ್ನೆಗೆ ಬೆಳಕು ದೊರೆಯುತ್ತದೆ.

ಮೊದಲು ಗಾಂಧೀಜಿ ಬೆಳೆದ ಮನೆಯನ್ನೇ ನೋಡೋಣ. ತಾಯಿ ಪುತಲೀಬಾಯಿ ವ್ರತನಿಷ್ಠೆಯ ಹೆಣ್ಣುಮಗಳು. ಒಂದು ಚಾತುರ್ಮಾಸ್ಯದಲ್ಲಿ ಸೂರ್ಯದರ್ಶನವಾಗದೆ ಊಟ ಮಾಡುವುದಿಲ್ಲವೆಂದು ಆಕೆ ನೇಮ ಹಿಡಿದಿದ್ದರು. ಮಳೆಗಾಲದ ಮೋಡದ ನಡುವೆ ಸೂರ್ಯ ಇಣುಕಿದೊಡನೆ ಮಕ್ಕಳು ಓಡಿಬಂದು ತಾಯಿಯನ್ನು ಕೂಗುವರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮರೆಯಾಗಿರುವನು. ಇಂದು ನಾನು ಉಣ್ಣುವುದು ದೇವರಿಗೆ ಇಷ್ಟವಿಲ್ಲವೆಂದು ನಗುತ್ತಲೇ ಆಕೆ ಮತ್ತೆ ಕೆಲಸಕ್ಕೆ ಹೋಗುವರು. ಕತ್ತಲೆಗೂ ಭೂತಕ್ಕೂ ಹೆದರುತ್ತಿದ್ದ ಹುಡುಗನಿಗೆ ರಾಮನಾಮವನ್ನು ಹೇಳಿಕೊಟ್ಟವಳು ರಂಭಾ ಎಂಬ ಮುದುಕಿ, ಮನೆಯ ಕೆಲಸದಾಕೆ. ತಂದೆಯ ಬಳಿ ಜೈನ ಸಾಧುಗಳೂ ಮುಸ್ಲಿಮರೂ ಪಾರಸಿಗಳೂ ಕುಳಿತು ತಂತಮ್ಮ ಧರ್ಮಗಳ ವಿಷಯ ಮಾತನಾಡುವುದನ್ನು ಆ ಹುಡುಗ ಕೇಳುತ್ತಿದ್ದನು.

ಇಷ್ಟೆಲ್ಲ ಇದ್ದೂ ಆ ಮನೆಯ ಹುಡುಗನಿಗೆ ಸಂದೇಹ ಹುಟ್ಟದಿರಲಿಲ್ಲ. ತಂದೆಯ ಪುಸ್ತಕಗಳ ನಡುವೆ ಸಿಕ್ಕ ಮನುಸ್ಮೃತಿಯ ಅನುವಾದವನ್ನು ಓದಿ, ಅದರ ಸೃಷ್ಟಿಯ ಕಥೆ ಹಿಡಿಸದೆ, ತನ್ನ ಮನಸ್ಸು ಕೊಂಚ ನಾಸ್ತಿಕತೆಯ ಕಡೆಗೇ ವಾಲಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಬಂಧುವೊಬ್ಬರನ್ನು ಕೇಳಿದಾಗ, ದೊಡ್ಡವನಾದ ಮೇಲೆ ಇವೆಲ್ಲ ನಿನಗೇ ತಿಳಿಯುತ್ತವೆ ಎಂಬ ಉತ್ತರ ಬಂದಿತು, ಹುಡುಗನಿಗೆ ಸಮಾಧಾನವಾಗಲಿಲ್ಲ. ಆದರೆ ಅದೇ ಪ್ರಕರಣದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ನೀತಿಯೇ ಎಲ್ಲಕ್ಕೂ ತಳಹದಿ, ಸತ್ಯವೇ ನೀತಿಯ ತಿರುಳು ಎಂಬ ನಿಶ್ಚಯ ಆ ವಯಸ್ಸಿನಲ್ಲೇ ತಮ್ಮಲ್ಲಿ ಬೇರೂರಿತಂತೆ! ದೇವರ ವಿಷಯದಲ್ಲಿ ಮನಸ್ಸು ಅಲುಗಾಡುತ್ತಿದ್ದ ಕಾಲದಲ್ಲಿ ಸತ್ಯದ ವಿಷಯದಲ್ಲಿ ಅದು ಗಟ್ಟಿಯಾಗುತ್ತಿತ್ತು. ವಾಚಕರು ಇದನ್ನು ಲಕ್ಷ್ಯದಲ್ಲಿಡಬೇಕು.

1888ರಲ್ಲಿ ಅವರು ಇಂಗ್ಲೆಂಡಿಗೆ ಹೊರಡುವಾಗ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ವಚನದ ಕಥೆ ಎಲ್ಲರಿಗೂ ಗೊತ್ತು. ಆ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಜೈನಧರ್ಮವು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುವುದಿಲ್ಲ. ಆದರೂ ಅದರಷ್ಟು ಬಿಗಿಯಾದ ಆಚಾರವನ್ನು ವಿಧಿಸಿದ ಮತಗಳು ವಿರಳ. ಶ್ರವಣಬೆಳಗೊಳದ ಬೆಟ್ಟವೇರಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದುಬರಹವರಿಯದ ತಾಯಿಗೆ ಕೊಟ್ಟ ಮಾತಿಗೆ ಏನು ಬೆಲೆಯೆಂದು ಲಂಡನ್ನಿನಲ್ಲಿ ಸ್ನೇಹಿತರೊಬ್ಬರು ವಾದಿಸಿದಾಗ ಯುವಕ ಗಾಂಧಿ ಶಾಸ್ತ್ರವಾಕ್ಯಗಳನ್ನು ಮುಂದಿಡಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ ಎಂದು ನಿಂತರು.

ಬ್ರಾಡ್‌ಲಾ

ಅದೇ ಲಂಡನ್ನಿನಲ್ಲಿ ಭಾರತೀಯರೆಲ್ಲ ಗೌರವದಿಂದ ನೆನೆಯುತ್ತಿದ್ದ ಹೆಸರು ಚಾರ್ಲ್ಸ್ ಬ್ರಾಡ್‌ಲಾ ಅವರದು. ಲಂಡನ್ನಿನ ಒಬ್ಬ ಗುಮಾಸ್ತರ ಮಗನಾಗಿ 1833ರಲ್ಲಿ ಅವರು ಜನಿಸಿದರು. ಹುಡುಗ ಎಷ್ಟು ಶ್ರದ್ಧಾವಂತನೆಂದರೆ ಚರ್ಚಿನ ಭಾನುವಾರದ ಪಾಠಶಾಲೆಯಲ್ಲಿ ತಾನೇ ಉಪಾಧ್ಯಾಯನಾಗಿದ್ದನು. ಬಿಷಪ್ಪರ ಮುಂದೆ ದೀಕ್ಷೆಗೆ ಸಿದ್ಧನಾಗೆಂದು ಪಾದ್ರಿಗಳು ಹೇಳಿದಾಗ ಚರ್ಚಿನ ಸಿದ್ಧಾಂತಗಳನ್ನೂ ಸುವಾರ್ತೆಗಳನ್ನೂ ಎದುರೆದುರಿಟ್ಟು ಓದಿದನು. ಎರಡೂ ಹೊಂದಲಿಲ್ಲ. ಈ ಗಂಟನ್ನು ಬಿಡಿಸಿಕೊಡಿರೆಂದು ವಿನಯದಿಂದ ಪಾದ್ರಿಗಳಿಗೇ ಕಾಗದ ಬರೆದನು. ಅವರು ಗಂಟನ್ನು ಬಿಡಿಸಲಿಲ್ಲ. ನಿಮ್ಮ ಮಗ ನಾಸ್ತಿಕನಾಗಿದ್ದಾನೆಂದು ತಂದೆಗೆ ದೂರಿತ್ತರು. ಹದಿಹರೆಯದ ಹುಡುಗ ಮನೆಬಿಟ್ಟು ಹೊರಡಬೇಕಾಯಿತು. ಸತ್ಯವನ್ನೇ ನುಡಿಯಬೇಕೆಂದು ಯಾವ ಶಾಲೆ ಕಲಿಸಿತೋ ಆ ಶಾಲೆಯೇ ಸತ್ಯ ನುಡಿದವನಿಗೆ ಬಾಗಿಲು ಮುಚ್ಚಿತು.

1880ರಲ್ಲಿ ನಾರ್ಥಾಂಪ್ಟನ್ನಿನ ಮತದಾರರು ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ಸದಸ್ಯನಾದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ಅದರ ಬದಲು ಪ್ರತಿಜ್ಞೆಯಿಂದ ದೃಢಪಡಿಸುತ್ತೇನೆಂದರೆ ಸಭೆ ಒಪ್ಪಲಿಲ್ಲ. ಪ್ರಮಾಣದಲ್ಲಿ ದೇವರ ಹೆಸರಿಗೆ ನನ್ನ ಪಾಲಿಗೆ ಅರ್ಥವಿಲ್ಲ, ಆದರೂ ಅದರ ಆಶಯಕ್ಕೆ ನನ್ನ ಮಾತು ನನ್ನನ್ನು ಕಟ್ಟಿಹಾಕುತ್ತದೆ ಎಂದರೆ ಅದನ್ನೂ ಒಪ್ಪಲಿಲ್ಲ. ನಂಬಿಕೆಯಿಲ್ಲದೆಯೂ ಬಾಯಿಮಾತಿಗೆ ಪ್ರಮಾಣ ಮಾಡಿ ಸುಮ್ಮನೆ ಕುಳಿತುಕೊಂಡವರು ಆ ಸಭೆಯಲ್ಲಿ ಇದ್ದಿರಲಾರರೆ? ಬ್ರಾಡ್‌ಲಾ ತಮ್ಮ ಮನಸ್ಸಿನಲ್ಲಿದ್ದುದನ್ನು ಮುಚ್ಚಿಟ್ಟಿದ್ದರೆ ಯಾವ ತೊಡಕೂ ಇರುತ್ತಿರಲಿಲ್ಲ. ಹೇಳಿದ್ದರಿಂದಲೇ ಅವರನ್ನು ಗಡಿಯಾರದ ಗೋಪುರದಲ್ಲಿ ಬಂಧಿಸಿಟ್ಟರು, ಸಭೆಯಿಂದ ಹೊರದೂಡಿದರು. 1880ರಿಂದ 1885ರ ವರೆಗೆ ಅದೇ ಊರಿನ ಜನ ಅವರನ್ನು ಐದು ಬಾರಿ ಆರಿಸಿ ಕಳುಹಿಸಿದರು. 1886ರಲ್ಲಿ ಸ್ಥಾನ ದೊರೆಯಿತು. ಯಾರೇ ಆಗಲಿ ದೇವರ ಹೆಸರೆತ್ತದೆ ಪ್ರತಿಜ್ಞೆ ಸ್ವೀಕರಿಸಬಹುದೆಂಬ ಕಾನೂನನ್ನು ಅವರೇ 1888ರಲ್ಲಿ ಮಾಡಿಸಿದರು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ಈ ಎರಡು ದಾರಿಗಳಿವೆ. ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು.

ಭಾರತದ ಕಷ್ಟಸುಖಗಳನ್ನು ಪಾರ್ಲಿಮೆಂಟಿನಲ್ಲಿ ಎತ್ತಿ ಆಡಿದ ಬ್ರಾಡ್‌ಲಾ 1889ರ ಮುಂಬಯಿ ಕಾಂಗ್ರೆಸ್ಸಿಗೂ ಬಂದಿದ್ದರು. 1891ರ ಜನವರಿ 30ರಂದು ತೀರಿಕೊಂಡರು. ಅವರನ್ನು ಹೊರಗಿಟ್ಟ ಹಳೆಯ ನಿರ್ಣಯವನ್ನು ಸಭೆ ದಾಖಲೆಯಿಂದ ತೆಗೆದುಹಾಕಿದ್ದು ಅದಕ್ಕೆ ಕೇವಲ ಮೂರು ದಿನ ಮುಂಚೆ! ಅಂತ್ಯಕ್ರಿಯೆಗೆ ಹೋದವರಲ್ಲಿ ಇಪ್ಪತ್ತೊಂದು ವರ್ಷದ ಗಾಂಧಿಯೂ ಒಬ್ಬರು. ಅಲ್ಲಿಗೆ ಕೆಲವರು ಪಾದ್ರಿಗಳೂ ಬಂದು ಗೌರವ ಸಲ್ಲಿಸಿದರು. ಹಿಂದಿರುಗುವಾಗ ರೈಲ್ವೆ ನಿಲ್ದಾಣದಲ್ಲಿ ನಾಸ್ತಿಕನೊಬ್ಬ ಪಾದ್ರಿಯೊಬ್ಬರನ್ನು ತಡೆದು, ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಕೆಣಕಿದನಂತೆ. ನಮ್ಮಿಬ್ಬರ ಹೃದಯದಲ್ಲಿಯೂ ಎಂದು ಹೇಳಿ, ಮತ್ತೆ ಬಂದ ಕುಹಕಕ್ಕೆ ಆ ಪಾದ್ರಿ ಮೌನವಾದರು. ಇದರಿಂದ ನಾಸ್ತಿಕತೆಯ ಮೇಲೆ ತಮಗಿದ್ದ ಅಸಮಾಧಾನ ಹೆಚ್ಚಿತೆಂದು ಗಾಂಧೀಜಿ ಬರೆದಿದ್ದಾರೆ. ಒಂದೇ ದಿನ ಅವರು ಗೌರವಕ್ಕೆ ಪಾತ್ರರಾದ ನಾಸ್ತಿಕನನ್ನೂ ಕಂಡರು, ಗರ್ವದ ನಾಸ್ತಿಕನನ್ನೂ ಕಂಡರು. ನಾಸ್ತಿಕನಾದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಆಸ್ತಿಕನಾದ ಮಾತ್ರಕ್ಕೂ ಅಷ್ಟೆ.

ಗಾಂಧೀಜಿ ಬ್ರಾಡ್‌ಲಾ ಅವರನ್ನು ಮರೆಯಲಿಲ್ಲ. ಆತ ತನ್ನನ್ನು ನಾಸ್ತಿಕನೆಂದು ಕರೆದುಕೊಂಡರೂ ತಾವು ಹಾಗೆ ಭಾವಿಸಲಾರೆವೆಂದೂ ಸತ್ಯಕ್ಕೆ ಅಂಜುವವನೆಂದೇ ಕರೆಯುವೆವೆಂದೂ ಮುಂದೆ ಹೇಳಿದರು. 1931ರ ಡಿಸೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ಸಭೆಯಲ್ಲಿ, ತಾವು ‘ದೇವರೇ ಸತ್ಯ’ ಎನ್ನುವುದನ್ನು ಬಿಟ್ಟು ‘ಸತ್ಯವೇ ದೇವರು’ ಎಂಬಲ್ಲಿಗೆ ಬಂದ ಬಗೆಯನ್ನು ವಿವರಿಸಿದರು. ದೇವರನ್ನು ಅಲ್ಲಗಳೆಯುವವರಿದ್ದಾರೆ, ಆದರೆ ನಾಸ್ತಿಕರೂ ಸತ್ಯವನ್ನು ಅಲ್ಲಗಳೆದಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಗೋರಾ

ಈ ಮಾತಿಗೆ ಪರೀಕ್ಷೆ ಬಂದದ್ದು ಎರಡನೆಯ ನಾಸ್ತಿಕನಿಂದ. ಗೋಪರಾಜು ರಾಮಚಂದ್ರರಾವ್, ಜನ ಕರೆಯುವಂತೆ ಗೋರಾ, 1902ರಲ್ಲಿ ಇಂದಿನ ಒಡಿಶಾದ ಛತ್ರಪುರದಲ್ಲಿ ಸಂಪ್ರದಾಯಸ್ಥ ತೆಲುಗು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಅಧ್ಯಾಪಕರಾದರು. ಜನಿವಾರವನ್ನು ತೆಗೆದುಹಾಕಿ ಮನೆಯಿಂದ ದೂರವಾದರು. ನಾಸ್ತಿಕ ವಿಚಾರಗಳಿಗಾಗಿ 1933ರಲ್ಲಿ ಕೆಲಸವನ್ನೂ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರೆಂಬ ಹಳ್ಳಿಯಲ್ಲಿ ಪತ್ನಿ ಸರಸ್ವತಿಯವರೊಡನೆ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ವಯಸ್ಕರಿಗೆ ಅಕ್ಷರ ಕಲಿಸುವುದು, ಜಾತಿಭೇದವಿಲ್ಲದ ಸಹಭೋಜನ, ಅಸ್ಪೃಶ್ಯತೆಯ ನಿವಾರಣೆ ಮೊದಲಾದ ಕಾರ್ಯಗಳಲ್ಲಿ ತೊಡಗಿದರು.

ಭೇಟಿಗೆ ಅವಕಾಶ ಬೇಡಿ ಅವರು ಗಾಂಧೀಜಿಗೆ ಬರೆದಾಗ ಮೊದಲು ಬಂದ ಉತ್ತರ ಉತ್ಸಾಹಕರವಾಗಿರಲಿಲ್ಲ. ನಾಸ್ತಿಕತೆಯನ್ನು ಹಬ್ಬಿಸಿ ಗೆದ್ದವರಿಲ್ಲ, ನಿಮಗೆ ದೊರೆತ ಯಶಸ್ಸು ಜನರ ನಡುವೆ ನೀವು ಮಾಡಿದ ಪ್ರಾಮಾಣಿಕ ಕೆಲಸದ್ದು ಎಂಬುದು ಅದರ ಸಾರ. ಆದರೂ 1944ರಲ್ಲಿ ಸೇವಾಗ್ರಾಮದಲ್ಲಿ ಇಬ್ಬರೂ ಕಂಡರು. 1943ರ ಬಂಗಾಳದ ಕ್ಷಾಮದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಮಿಠಾಯಿ ಅಂಗಡಿಗಳ ಎದುರಿನಲ್ಲೇ ಹಸಿದ ಜನ ಸತ್ತದ್ದನ್ನು ಗೋರಾ ಎತ್ತಿ ಹೇಳಿದರು. ಸತ್ತವರು ಹಣೆಬರಹವೆಂದರು, ಅಂಗಡಿಯವರೂ ಹಾಗೆಯೇ ಎಂದುಕೊಂಡರು; ಮನುಷ್ಯನ ಹೊಣೆಯನ್ನು ಮನುಷ್ಯನೇ ಹೊರಬೇಕೆಂದು ತಿಳಿದಿದ್ದರೆ ಹೀಗಾಗುತ್ತಿತ್ತೆ ಎಂಬುದು ಅವರ ವಾದ. ಗಾಂಧೀಜಿ ತಮ್ಮ ಆಸ್ತಿಕತೆಯನ್ನು ಬಿಡಲಿಲ್ಲ. ಗೋರಾ ಅವರಿಗೂ ಬಿಡೆಂದು ಹೇಳಲಿಲ್ಲ. ನಾವಿಬ್ಬರೂ ಸತ್ಯವನ್ನು ಹುಡುಕುವವರು, ಯಾರದು ಸರಿಯೆಂಬುದನ್ನು ಫಲವೇ ಹೇಳಲಿ ಎಂದರು.

ಗೋರಾ ತಮ್ಮ ಹಿರಿಯ ಮಗಳು ಮನೋರಮೆಯನ್ನು ಅಸ್ಪೃಶ್ಯರೆನಿಸಿಕೊಂಡವರ ಮನೆಯ ಯುವಕ ಅರ್ಜುನರಾವ್ ಅವರಿಗೆ ಕೊಡಲು ನಿಶ್ಚಯಿಸಿದಾಗ, ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡುವುದಾಗಿ ಗಾಂಧೀಜಿ ಹೇಳಿದರು. ಎರಡು ವರ್ಷ ತಡೆಯಿರೆಂದೂ ಸೂಚಿಸಿದರು. ವಿಧಿಯಲ್ಲಿ ದೇವರ ಹೆಸರು ಬರುವಲ್ಲಿ ಏನು ಮಾಡುವುದು? ಅಲ್ಲಿ ಸತ್ಯದ ಹೆಸರನ್ನಿಡಬಹುದೆಂದು ಆ ಪರಮ ರಾಮಭಕ್ತರೇ ಒಪ್ಪಿದರು! ಆ ಮದುವೆಯನ್ನು ಅವರು ಕಾಣಲಿಲ್ಲ. 1948ರ ಜನವರಿ 30ರಂದು ಅವರ ಕೊಲೆಯಾಯಿತು. ಮದುವೆ ಮಾತ್ರ ನಿಲ್ಲಲಿಲ್ಲ. ಮಾರ್ಚಿ 13ರಂದು ಸೇವಾಗ್ರಾಮದಲ್ಲಿಯೇ ನಡೆಯಿತು. ಗೋರಾ 1975ರಲ್ಲಿಯೂ ಸರಸ್ವತಿ 2006ರಲ್ಲಿಯೂ ಕಾಲವಾದರು. ಸರಸ್ವತಿಯವರಿಗೆ ನಮ್ಮ ಕರ್ನಾಟಕ ಸರ್ಕಾರವು ಬಸವ ಪುರಸ್ಕಾರವನ್ನಿತ್ತು ಗೌರವಿಸಿತ್ತು.

ಈಗ ಹೆತ್ತವರ ಆತಂಕಕ್ಕೆ ಬರೋಣ. ಮೂವರೂ ಭಕ್ತಿಯ ಮನೆಗಳಲ್ಲಿ ಬೆಳೆದವರು. ಅವರಲ್ಲಿಬ್ಬರು ದೇವರನ್ನು ಬಿಟ್ಟರು, ಒಬ್ಬರು ಉಳಿಸಿಕೊಂಡರು. ಆದರೆ ಮೂವರೂ ಬಿಡದೆ ಉಳಿಸಿಕೊಂಡದ್ದು ಒಂದುಂಟು. ನಷ್ಟವಾದರೂ ನಿಜವನ್ನೇ ಆಡುವುದು, ಆಡಿದಂತೆ ನಡೆಯುವುದು. ಅದನ್ನು ಅವರು ಎಲ್ಲಿಂದ ಪಡೆದರು? ದೇವರ ಭಯದಿಂದಲೇ ಪಡೆದಿದ್ದರೆ ದೇವರು ಹೋದೊಡನೆ ಅದೂ ಹೋಗಬೇಕಾಗಿತ್ತು. ಹಸಿವನ್ನು ನಗುತ್ತ ಸಹಿಸಿ ನೇಮವನ್ನು ಉಳಿಸಿಕೊಂಡ ಪುತಲೀಬಾಯಿಯವರಿಂದ ಮಗ ಕಲಿತದ್ದು ಸೂರ್ಯನ ಭಯವನ್ನಲ್ಲ, ಮಾತಿನ ಬೆಲೆಯನ್ನು. ಧಾರ್ಮಿಕ ಸಂಸ್ಕಾರದ ಮನೆಯಲ್ಲಿ ನೀತಿ ಬೆಳೆಯುವುದು ನಿಜ. ಆದರೆ ಅದು ಬೆಳೆಯುವುದು ಹಿರಿಯರ ನಡತೆಯನ್ನು ಕಂಡು.

ಆದಕಾರಣ ಮಗನೋ ಮಗಳೋ ದೇವರ ವಿಷಯದಲ್ಲಿ ಪ್ರಶ್ನೆಯೆತ್ತಿದರೆ ಆ ಲಂಡನ್ನಿನ ಪಾದ್ರಿಯಂತೆ ಬಾಗಿಲು ಮುಚ್ಚಬೇಡಿ. ನಿಜವನ್ನು ನಿಮ್ಮೆದುರಿಗೆ ನಿಂತು ಹೇಳುವ ಮಕ್ಕಳು ನೀವು ಕಲಿಸಿದ್ದನ್ನು ಮರೆತವರಲ್ಲ. ನಂಬದಿದ್ದರೂ ಕೈಮುಗಿದು ಹಿರಿಯರನ್ನು ಮೆಚ್ಚಿಸುವ ಅಭ್ಯಾಸವನ್ನು ಅವರಿಗೆ ಕಲಿಸಿದರೆ ದೇವರೂ ಉಳಿಯುವುದಿಲ್ಲ, ಸತ್ಯವೂ ಉಳಿಯುವುದಿಲ್ಲ. ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಕೊಟ್ಟ ಮಾತನ್ನು ನಡೆಸುತ್ತಾರೆಯೆ, ಬಡವನೆದುರು ದನಿ ಏರಿಸದೆ ಮಾತನಾಡುತ್ತಾರೆಯೆ, ಯಾರೂ ಕಾಣದಿದ್ದಾಗಲೂ ಇನ್ನೊಬ್ಬರ ಹಣವನ್ನು ಮುಟ್ಟದಿರುತ್ತಾರೆಯೆ? ಇದೇ ಪ್ರಶ್ನೆಯನ್ನು ದಿನವೂ ದೀಪ ಹಚ್ಚುವ ನಾವೂ ನಮ್ಮನ್ನು ಕೇಳಿಕೊಳ್ಳುವುದು ಒಳ್ಳೆಯದು.