ಕಲ್ಲಿದ್ದಲು, ಉಕ್ಕು ಮತ್ತು ಒಂದು ಜಂಟಿ ಲೆಕ್ಕ

ರಾಜತಾಂತ್ರಿಕತೆ ಎಂಬ ಪದವನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಮಂತ್ರಿಗಳು, ರಾಯಭಾರಿಗಳು ಹಾಗೂ ಹಸ್ತಲಾಘವದ ಛಾಯಾಚಿತ್ರಗಳು ನೆನಪಿಗೆ ಬರುತ್ತವೆ. ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಅದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜವೇ. ಆದರೆ ಕಳೆದ ಶತಮಾನದಲ್ಲಿ ಎರಡು ಬದ್ಧವೈರಿ ರಾಷ್ಟ್ರಗಳನ್ನು ಹತ್ತಿರ ತಂದ ಪ್ರಯತ್ನವೊಂದು ಆರಂಭವಾದದ್ದು ಕಲ್ಲಿದ್ದಲು ಮತ್ತು ಉಕ್ಕಿನ ವ್ಯಾಪಾರದಿಂದ. ಅದರ ಬಹುಪಾಲು ಕೆಲಸ ನಡೆದದ್ದು ದರಪಟ್ಟಿ, ರೈಲು ಸಾಗಣೆ ದರ ಮತ್ತು ತೆರಿಗೆ ಮರುಪಾವತಿಯ ಕಡತಗಳಲ್ಲಿ. ಆದ್ದರಿಂದ ಈ ವಿಷಯ ನಮ್ಮ ಅಂಗಡಿ ಮತ್ತು ಕಾರ್ಖಾನೆಗಳಿಗೆ ದೂರದ್ದಲ್ಲ.

ವೈರದ ಹಿನ್ನೆಲೆ

1870 ರಿಂದ 1945 ರವರೆಗಿನ 75 ವರ್ಷಗಳಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಮೂರು ಬಾರಿ ಯುದ್ಧ ಮಾಡಿದವು. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲಿತ್ತು. ಲೊರೇನ್ ಪ್ರಾಂತದಲ್ಲಿ ಕಬ್ಬಿಣದ ಅದಿರಿತ್ತು. ಉಕ್ಕಿಗೆ ಎರಡೂ ಬೇಕು. 1923 ರಲ್ಲಿ ಯುದ್ಧಪರಿಹಾರದ ಬಾಕಿಗಾಗಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಪ್ರದೇಶವನ್ನು ವಶಪಡಿಸಿಕೊಂಡವು. ಅಲ್ಲಿಯ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದೇ ವರ್ಷ ಜರ್ಮನಿಯ ನಾಣ್ಯ ಕುಸಿದುಬಿತ್ತು. ಸಾಲಗಾರನ ಕಾರ್ಖಾನೆಗೆ ಬೀಗ ಜಡಿದರೆ ಸಾಲ ವಸೂಲಾಗುವುದಿಲ್ಲ ಎಂಬುದನ್ನು ನಮ್ಮ ಯಾವ ಮಂಡಿ ವರ್ತಕರಾದರೂ ಹೇಳಬಲ್ಲರು.

1950 ರ ಮೇ 9 ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಬೇರೊಂದು ಮಾರ್ಗವನ್ನು ಮುಂದಿಟ್ಟರು. ಉಭಯ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಉನ್ನತ ಪ್ರಾಧಿಕಾರದ ಕೆಳಗೆ ತರುವುದು, ಇಚ್ಛಿಸುವ ಇತರ ದೇಶಗಳಿಗೂ ಬಾಗಿಲು ತೆರೆದಿಡುವುದು ಆ ಯೋಜನೆಯ ತಿರುಳು. ಅದನ್ನು ರೂಪಿಸಿದ ಜಾನ್ ಮೊನೆ ಬ್ರಾಂದಿ ವರ್ತಕರ ಮನೆತನದವರು. 16 ನೆಯ ವಯಸ್ಸಿಗೆ ಶಾಲೆ ಬಿಟ್ಟು ಮನೆಯ ವ್ಯಾಪಾರಕ್ಕೆ ಇಳಿದವರು. 1951 ರ ಏಪ್ರಿಲ್ 18 ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. 1952 ರ ಜುಲೈ 23 ರಂದು ಅದು ಜಾರಿಗೆ ಬಂದಿತು.

ತೆರಿಗೆಯ ತಕರಾರು

ಸಹಿ ಹಾಕಿದ ಮಾತ್ರಕ್ಕೆ ಜಗಳ ಮುಗಿಯಲಿಲ್ಲ. 1953 ರಲ್ಲಿ ಉಕ್ಕಿನ ಸಾಮಾನ್ಯ ಮಾರುಕಟ್ಟೆ ತೆರೆಯುವ ವೇಳೆಗೆ ವಹಿವಾಟು ತೆರಿಗೆಯ ಬಗ್ಗೆ ತೀವ್ರ ವಿವಾದವೆದ್ದಿತು. ಲೆಕ್ಕಪರಿಶೋಧಕನಾದ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯಕರವೆನಿಸುವುದು ಇದೇ.

ತಿಳಿಯಲು ಅನುಕೂಲವಾಗಲೆಂದು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. 100 ಬೆಲೆಯ ಉಕ್ಕಿಗೆ ಫ್ರಾನ್ಸಿನಲ್ಲಿ 16, ಜರ್ಮನಿಯಲ್ಲಿ 4 ತೆರಿಗೆ ಎಂದಿಟ್ಟುಕೊಳ್ಳಿ. ಫ್ರೆಂಚ್ ಕಾರ್ಖಾನೆ ರಫ್ತು ಮಾಡುವಾಗ 16 ಹಿಂದಿರುಗುತ್ತದೆ, ಜರ್ಮನಿಯಲ್ಲಿ 4 ಸೇರುತ್ತದೆ; ಅಲ್ಲಿ ಅದರ ಬೆಲೆ 104. ಜರ್ಮನಿಯ ಉಕ್ಕು ಫ್ರಾನ್ಸ್ ತಲುಪಿದಾಗ 116. "ನಿಮ್ಮ ಸರಕು ಇಲ್ಲಿ ಅಗ್ಗ, ನಮ್ಮದು ಅಲ್ಲಿ ದುಬಾರಿ, ಇದೆಂಥ ಸಾಮಾನ್ಯ ಮಾರುಕಟ್ಟೆ?" ಎಂಬುದು ಜರ್ಮನ್ ಉತ್ಪಾದಕರ ವಾದದ ಸಾರ. ತೆರಿಗೆಯನ್ನು ಉತ್ಪಾದನೆಯಾದ ದೇಶದಲ್ಲಿಯೇ ವಿಧಿಸಬೇಕೆಂದು ಅವರು ಕೇಳಿದರು.

ಪ್ರಾಧಿಕಾರವು ವಿವಾದವನ್ನು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಅಧ್ಯಕ್ಷತೆಯ ತಜ್ಞ ಸಮಿತಿಗೆ ಒಪ್ಪಿಸಿತು. ಇವರೇ 1969 ರಲ್ಲಿ ಅರ್ಥಶಾಸ್ತ್ರದ ಪ್ರಥಮ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಸಮಿತಿಯು ಬಳಕೆಯಾಗುವ ದೇಶದ ತೆರಿಗೆಯೇ ಮುಂದುವರಿಯಲಿ ಎಂದಿತು. ನಮ್ಮ ಉದಾಹರಣೆಯಲ್ಲಿಯೇ ನೋಡಿ: ಜರ್ಮನಿಯ ಮಾರುಕಟ್ಟೆಯಲ್ಲಿ ಇಬ್ಬರ ಉಕ್ಕಿಗೂ 104, ಫ್ರಾನ್ಸಿನಲ್ಲಿ ಇಬ್ಬರದಕ್ಕೂ 116. ಒಂದೇ ಮಾರುಕಟ್ಟೆಯಲ್ಲಿ ಯಾರಿಗೂ ಅನ್ಯಾಯವಿಲ್ಲ. ಒಂದು ಪೀಳಿಗೆಯ ಹಿಂದೆ ಸೇನೆಯನ್ನು ಮುಂದೆ ಮಾಡಿದ್ದ ದೇಶಗಳು ಈ ಬಾರಿ ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು ವಾದಿಸಿದವು.

ನಮ್ಮ ರಫ್ತುದಾರರಿಗೆ ಈ ತತ್ವ ಹೊಸದಲ್ಲ. 2017 ರ ಜುಲೈ 1 ರಿಂದ ಜಾರಿಯಲ್ಲಿರುವ ಜಿಎಸ್‌ಟಿ ವ್ಯವಸ್ಥೆಯಲ್ಲಿ ರಫ್ತು ಶೂನ್ಯ ದರದ ಪೂರೈಕೆಯಾಗಿರುವುದು ಇದೇ ತರ್ಕದಿಂದ. ಮರುಪಾವತಿಯ ಅರ್ಜಿ ಸಲ್ಲಿಸುವಾಗ ಅದು ಸರ್ಕಾರದ ಸಹಾಯಧನವಲ್ಲ, ನ್ಯಾಯಸಮ್ಮತ ಲೆಕ್ಕ ಎಂಬುದನ್ನು ನೆನಪಿಡಬೇಕು.

ಹೊರೆಯ ಹಂಚಿಕೆ

ಸ್ಪರ್ಧೆಯಲ್ಲಿ ಹಿಂದೆ ಬೀಳುವವರ ಗತಿಯೇನು ಎಂಬ ಪ್ರಶ್ನೆಯನ್ನೂ ಒಪ್ಪಂದವು ಮರೆಯಲಿಲ್ಲ. ಬೆಲ್ಜಿಯಂನ ಗಣಿಗಳಲ್ಲಿ ಉತ್ಪಾದನಾ ವೆಚ್ಚ ಹೆಚ್ಚು. ಐದು ವರ್ಷಗಳ ಪರಿವರ್ತನಾ ಅವಧಿಯಲ್ಲಿ ಜರ್ಮನಿ ಮತ್ತು ನೆದರ್ಲೆಂಡ್ಸ್ ಗಣಿಗಳಿಂದ ಸಂಗ್ರಹಿಸಿದ ವಿಶೇಷ ವಂತಿಗೆಯಿಂದ ಅವುಗಳಿಗೆ ನೆರವು ನೀಡಲಾಯಿತು. ಬೆಲ್ಜಿಯಂ ದೇಶವನ್ನು ಆಕ್ರಮಿಸಿದ್ದ ಜರ್ಮನಿಯ ಗಣಿಗಳು, ಆ ಆಕ್ರಮಣ ಕೊನೆಗೊಂಡ ಹತ್ತು ವರ್ಷಗಳೊಳಗೆ ಬೆಲ್ಜಿಯಂ ಗಣಿಗಳಿಗಾಗಿ ಹಣ ತೆತ್ತವು. ಕೆಲಸ ಕಳೆದುಕೊಂಡ ಕಾರ್ಮಿಕರ ಮರುತರಬೇತಿಗೂ ನಿಧಿಯಿತ್ತು.

ಮಿತಿಗಳು

ವ್ಯಾಪಾರವೊಂದೇ ಶಾಂತಿಯನ್ನು ತಂದುಕೊಡುತ್ತದೆ ಎಂದು ಭಾವಿಸುವುದು ತಪ್ಪು. 1914 ಕ್ಕೆ ಮೊದಲು ಬ್ರಿಟನ್ ಮತ್ತು ಜರ್ಮನಿ ಪರಸ್ಪರರ ದೊಡ್ಡ ಗಿರಾಕಿಗಳೇ ಆಗಿದ್ದವು, ಯುದ್ಧ ತಪ್ಪಲಿಲ್ಲ. ಈ ಆರು ದೇಶಗಳ ಜಂಟಿ ಸೇನೆಯ ಯೋಜನೆಯು 1954 ರಲ್ಲಿ ಫ್ರೆಂಚ್ ಸಂಸತ್ತಿನಲ್ಲಿಯೇ ಬಿದ್ದುಹೋಯಿತು. 1959 ರ ಕಲ್ಲಿದ್ದಲು ಬಿಕ್ಕಟ್ಟಿನಲ್ಲಿ ಪ್ರಾಧಿಕಾರ ಕೋರಿದ ತುರ್ತು ಅಧಿಕಾರಕ್ಕೆ ಸರ್ಕಾರಗಳು ಒಪ್ಪಲಿಲ್ಲ. ಆದರೂ ಸಮುದಾಯ ಉಳಿಯಿತು. ಏಕೆಂದರೆ ಅಲ್ಲಿ ಬಹಿರಂಗ ದರಪಟ್ಟಿ, ದೂರು ಕೇಳುವ ನ್ಯಾಯಾಲಯ ಮತ್ತು ಎಲ್ಲರೂ ಒಪ್ಪಿದ ಲೆಕ್ಕ ಇದ್ದವು.

ನಮಗಿರುವ ಪಾಠ

ಕೆಲವು ವರ್ಷಗಳ ಹಿಂದೆ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಪಾಲುದಾರರು ನನ್ನ ಕಚೇರಿಗೆ ಬಂದಿದ್ದರು. ರಾಜಿಯಾಗಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಪ್ರತಿ ತಿಂಗಳ ಕೊನೆಗೆ ಇಬ್ಬರೂ ಒಟ್ಟಿಗೆ ನಿಂತು ದಾಸ್ತಾನು ಎಣಿಸಿ ಸಹಿ ಹಾಕಿರಿ ಎಂದಷ್ಟೇ ಸೂಚಿಸಿದೆ. ಎರಡು ವರ್ಷಗಳ ನಂತರ ಅವರು ಬೇರೆಯಾದರು ನಿಜ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಇಂದಿಗೂ ಒಬ್ಬರಿಂದೊಬ್ಬರು ಸರಕು ಕೊಳ್ಳುತ್ತಾರೆ.

50 ವರ್ಷಗಳ ಅವಧಿಗೆ ಆಗಿದ್ದ ಪ್ಯಾರಿಸ್ ಒಪ್ಪಂದವು 2002 ರ ಜುಲೈ 23 ರಂದು ಮುಕ್ತಾಯವಾಯಿತು. ಉಳಿದ ಆಸ್ತಿಯನ್ನು ಕಲ್ಲಿದ್ದಲು ಮತ್ತು ಉಕ್ಕಿನ ಸಂಶೋಧನೆಗೆ ಮೀಸಲಿಡಲಾಯಿತು. ಅಷ್ಟರಲ್ಲಿ ಆ ಬೀಜದಿಂದ ಐರೋಪ್ಯ ಒಕ್ಕೂಟವೇ ಬೆಳೆದಿತ್ತು. ವ್ಯಾಪಾರ ಒಪ್ಪಂದಗಳ ಬಗ್ಗೆ ಸರ್ಕಾರವು ಅಭಿಪ್ರಾಯ ಕೇಳಿದಾಗ ನಮ್ಮ ವರ್ತಕ ಬಂಧುಗಳು ಸುಮ್ಮನಿರಬಾರದು. ತಮ್ಮ ಸರಕಿನ ವೆಚ್ಚ, ಸಾಗಣೆ ದರ ಮತ್ತು ತೆರಿಗೆಯ ನಿಖರ ಅಂಕಿಗಳನ್ನು ಸಂಸ್ಥೆಯ ಮೂಲಕ ಸಲ್ಲಿಸಬೇಕು. ರಾಷ್ಟ್ರಗಳ ನಡುವಿನ ಮಾತುಕತೆಗೆ ನಾವು ಕೊಡಬಹುದಾದ ಕೊಡುಗೆ ಅದೇ.