ಕಾಲರಾ ಕ್ರಿಮಿಯ ಪುಟ್ಟ ಚೀಟಿ

ಮುಂಗಾರು ಹಿಡಿದು ಹರಿಹರದ ಹೊಳೆಯಲ್ಲಿ ಕೆಂಪು ನೀರು ಬಂತೆಂದರೆ ಮನೆಯ ಹಿರಿಯರು ‘ನೀರು ಕಾಯಿಸಿ ಕುಡೀರಿ’ ಎನ್ನುತ್ತಾರೆ. ಈ ಮಾತು ದಾವಣಗೆರೆಯವರಿಗೂ ಸಲ್ಲುತ್ತದೆ. ಭದ್ರಾ ನಾಲೆಯಿಂದ ತುಂಬುವ ಕೆರೆಗಳ ಜೊತೆಗೆ, ರಾಜನಹಳ್ಳಿಯಿಂದ ಪಂಪ್ ಆಗಿ ಬರುವ ತುಂಗಭದ್ರೆಯ ನೀರನ್ನೇ ಅವರೂ ಕುಡಿಯುತ್ತಾರೆ. ಶುದ್ಧೀಕರಿಸಿದ ನೀರು ಕೂಡ ಒಡೆದ ಪೈಪಿನಲ್ಲಿ ಚರಂಡಿ ನೀರು ಸೇರಿದರೆ ಕೆಡುತ್ತದೆ. ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನೀವು ಮರೆತಿರಲಾರಿರಿ.

ಕೆಟ್ಟ ನೀರಿನಿಂದ ಬರುವ ಎಲ್ಲ ವಾಂತಿ-ಭೇದಿಯೂ ಕಾಲರಾ ಅಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಮನುಷ್ಯನನ್ನು ಒಣಗಿಸಿಬಿಡುವುದರಲ್ಲಿ ಕಾಲರಾವನ್ನು ಮೀರಿಸಿದ್ದಿಲ್ಲ. ಅದರ ಕ್ರಿಮಿ ಕರುಳಿನಲ್ಲಿ ವಿಷ ಸ್ರವಿಸುತ್ತದೆಂದು ಕಲ್ಕತ್ತೆಯ ಶಂಭುನಾಥ್ ಡೇ ಅವರು 1959ರಲ್ಲಿ ತೋರಿಸಿಕೊಟ್ಟರು. ಆ ವಿಷವನ್ನು ಯಾವಾಗ ಕಾರಬೇಕು, ಯಾವಾಗ ನಿಲ್ಲಿಸಬೇಕು ಎಂದು ಕ್ರಿಮಿಗೆ ಹೇಳುವವರು ಯಾರು? ಅದಕ್ಕೆ ಮೆದುಳಿಲ್ಲವಲ್ಲ!

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದನ್ನು ನೆನೆಸಿಕೊಳ್ಳಿ. ‘ಎರಡು ಬೆಣ್ಣೆ ದೋಸೆ’ ಎಂಬ ಚೀಟಿ ಒಳಗೆ ಹೋದರೆ ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ. ಜೀವಕೋಶದಲ್ಲೂ ಹೀಗೆಯೇ. ಡಿಎನ್‌ಎಯಲ್ಲಿರುವ ವಂಶವಾಹಿಯ ನಕಲು ಆರ್‌ಎನ್‌ಎ ಎಂಬ ಚೀಟಿಯಾಗಿ ಹೊರಡುತ್ತದೆ. ಅದನ್ನು ಓದಿ ಕೋಶವು ಪ್ರೋಟೀನ್ ತಯಾರಿಸುತ್ತದೆ. ಈಗ ಯಾರೋ ಓಡಿಬಂದು ಆ ಚೀಟಿಯ ಮೇಲೆ ಇನ್ನೊಂದು ತುಂಡು ಕಾಗದ ಅಂಟಿಸಿಬಿಟ್ಟರೆ? ಅಡುಗೆಯವನಿಗೆ ಆರ್ಡರೇ ಕಾಣದು. ಈ ತುಂಡು ಕಾಗದವೇ ಸಣ್ಣ ಆರ್‌ಎನ್‌ಎ. ಅದರಿಂದ ಯಾವ ಪ್ರೋಟೀನೂ ಆಗಬೇಕಿಲ್ಲ. ದೊಡ್ಡ ಚೀಟಿಗೆ ಅಂಟಿಕೊಂಡು ಅದನ್ನು ಓದದಂತೆ ಮಾಡುವುದೇ ಅದರ ಕೆಲಸ. ಕೆಲವೊಮ್ಮೆ ಓದಲು ನೆರವಾಗುವುದೂ ಉಂಟು. ಹುಳುವಿನಲ್ಲಿ 1993ರಲ್ಲಿ ಕಂಡ ಇಂಥ ಪುಟ್ಟ ಆರ್‌ಎನ್‌ಎಗೆ 2024ರ ನೊಬೆಲ್ ಪ್ರಶಸ್ತಿ ಸಿಕ್ಕಿತು. ಆದರೆ ನಮ್ಮ ಕರುಳಿನಲ್ಲೇ ವಾಸಿಸುವ ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇದೇ ಬಗೆಯ ಉಪಾಯ 1984ರಷ್ಟು ಹಿಂದೆಯೇ ಪತ್ತೆಯಾಗಿತ್ತು. ಬ್ಯಾಕ್ಟೀರಿಯಾಗಳಿಗೆ ಅಷ್ಟು ಹೆಸರು ಬರಲಿಲ್ಲ, ಅಷ್ಟೇ.

ಕಾಲರಾ ಕ್ರಿಮಿಯ ಬಳಿ ಇಂಥ ನಾಲ್ಕು ಪುಟ್ಟ ಚೀಟಿಗಳಿರುವುದನ್ನು ಅಮೆರಿಕದ ಬಾನಿ ಬ್ಯಾಸ್ಲರ್ ಅವರ ತಂಡ 2004ರಲ್ಲಿ ತೋರಿಸಿತು. ಕ್ರಿಮಿಗಳು ಸದಾ ಒಂದು ಬಗೆಯ ರಾಸಾಯನಿಕ ಬಿಡುತ್ತ, ಅದರ ಪ್ರಮಾಣದಿಂದಲೇ ಸುತ್ತ ತಮ್ಮವರು ಎಷ್ಟಿದ್ದಾರೆಂದು ತಿಳಿಯುತ್ತವೆ. ಕರುಳಿಗೆ ಬಂದ ಹೊಸತರಲ್ಲಿ ಅವು ಕೆಲವೇ. ಆಗ ಪುಟ್ಟ ಚೀಟಿಗಳು ಹೇರಳವಾಗಿ ತಯಾರಾಗಿ, ‘ವಿಷ ನಿಲ್ಲಿಸು’ ಎಂಬ ಆರ್ಡರನ್ನೇ ಮುಚ್ಚಿಬಿಡುತ್ತವೆ. ತಡೆಯುವವರಿಲ್ಲದೆ ವಿಷ ಹರಿಯುತ್ತದೆ. ಸಂಖ್ಯೆ ಕೋಟಿಗಟ್ಟಲೆ ಬೆಳೆದಾಗ ಪುಟ್ಟ ಚೀಟಿಗಳು ನಿಲ್ಲುತ್ತವೆ, ‘ನಿಲ್ಲಿಸು’ ಆರ್ಡರ್ ಜಾರಿಯಾಗುತ್ತದೆ. ಕ್ರಿಮಿಗಳು ಕರುಳಿನ ಗೋಡೆಯ ಹಿಡಿತ ಬಿಟ್ಟು ಭೇದಿಯ ಜೊತೆ ಹೊರಬೀಳುತ್ತವೆ. ಮುಂದಿನ ಬಾವಿ, ಮುಂದಿನ ಮನೆ ಹುಡುಕಲು!

ಈ ಸಂಕೇತವನ್ನು ನಾವೇ ಕಳಿಸಿ ಕ್ರಿಮಿಯನ್ನು ಮೊದಲೇ ಸುಮ್ಮನಾಗಿಸಬಹುದೇ? ಆ ರಾಸಾಯನಿಕ ಬಿಡುವಂತೆ ಮಾರ್ಪಡಿಸಿದ ನಿರುಪದ್ರವಿ ಈ. ಕೋಲಿಯನ್ನು ಮೊದಲೇ ಕುಡಿಸಿದ್ದ ಇಲಿಮರಿಗಳು ಕಾಲರಾದಿಂದ ಹೆಚ್ಚು ಬದುಕುಳಿದದ್ದು 2010ರಲ್ಲಿ ವರದಿಯಾಯಿತು. ಇಲಿಮರಿಗಳಲ್ಲಿ, ನೆನಪಿರಲಿ. ನಿಮ್ಮ ಔಷಧಿ ಅಂಗಡಿಯಲ್ಲಿ ಅದನ್ನು ಕೇಳಬೇಡಿ.

ಅಲ್ಲಿ ಕೇಳಬೇಕಾದದ್ದು ಓ.ಆರ್.ಎಸ್. ಪೊಟ್ಟಣ. ಕ್ರಿಮಿ ತಾನಾಗಿ ಜಾಗ ಬಿಡುವವರೆಗೆ ರೋಗಿಯ ಮೈಯಿಂದ ಹೋದ ನೀರನ್ನು ತುಂಬಿಕೊಡುವುದೇ ಚಿಕಿತ್ಸೆ. ವಿಷವು ಕರುಳನ್ನು ಎಷ್ಟೇ ಕಾಡಿದರೂ, ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಒಳಗೆ ಹೋಗುವ ಬಾಗಿಲನ್ನು ಮುಚ್ಚಲಾರದು. ಅವುಗಳ ಹಿಂದೆಯೇ ನೀರೂ ಒಳಹೋಗುತ್ತದೆ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ಕುಡಿಸಿ ಅಸಂಖ್ಯ ಜೀವ ಉಳಿಸಿದರು.

ನಮ್ಮಲ್ಲಿ ಭೇದಿ ಎಂದರೆ ‘ಗ್ಲೂಕೋಸ್ ಬಾಟ್ಲಿ ಹಾಕಿಸಿ’ ಎನ್ನುವವರೇ ಹೆಚ್ಚು. ಕುಡಿಯಬಲ್ಲ ರೋಗಿಗೆ ಮೊದಲು ಕುಡಿಸಿ. ಒಂದು ಲೀಟರಿನ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟ ಲೋಟಕ್ಕೆ ಉದುರಿಸಬೇಡಿ. ಇಡೀ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ, 24 ಗಂಟೆಯಲ್ಲಿ ಮುಗಿಸಿ, ಉಳಿದದ್ದು ಚೆಲ್ಲಿ. ಪೊಟ್ಟಣವಿಲ್ಲದಿದ್ದರೆ ಅಷ್ಟೇ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಾಲೂಡುವ ತಾಯಂದಿರು ಹಾಲು ನಿಲ್ಲಿಸಬಾರದು. ಭೇದಿ ಅಕ್ಕಿ ತೊಳೆದ ನೀರಿನಂತಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ನಿಂತಿದ್ದರೆ ದಾರಿಯುದ್ದಕ್ಕೂ ಕುಡಿಸುತ್ತಲೇ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಬೆಳಗಾಗಲೆಂದು ಕಾಯಬೇಡಿ.