ಹೈ-ಕೀ ಬೆಳಕು

ಹೈ-ಕೀ ಬೆಳಕು ಎಂಬುದು ಛಾಯಾಗ್ರಹಣ, ಚಲನಚಿತ್ರ ಮತ್ತು ದೂರದರ್ಶನಗಳಲ್ಲಿ ಬಳಸಲಾಗುವ ಒಂದು ಬೆಳಕಿನ ವಿಧಾನ. ಚಿತ್ರದ ಹೆಚ್ಚಿನ ಭಾಗವು ಬಿಳಿ ಮತ್ತು ತಿಳಿ ಛಾಯೆಗಳಿಂದ ಕೂಡಿರುವುದು ಹಾಗೂ ನೆರಳುಗಳು ತೆಳುವಾಗಿ, ಮೃದುವಾಗಿ ಇರುವುದು ಇದರ ಮುಖ್ಯ ಲಕ್ಷಣಗಳು. ಶಿಶುಗಳ ಭಾವಚಿತ್ರ, ಉತ್ಪನ್ನಗಳ ಜಾಹೀರಾತು, ಫ್ಯಾಷನ್ ಛಾಯಾಗ್ರಹಣ ಮತ್ತು ಹಾಸ್ಯಪ್ರಧಾನ ಚಲನಚಿತ್ರಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇದಕ್ಕೆ ವಿರುದ್ಧವಾದುದು ಲೋ-ಕೀ ಬೆಳಕು. ಅದರಲ್ಲಿ ಕತ್ತಲೆಯ ಭಾಗವೇ ಹೆಚ್ಚಾಗಿದ್ದು, ಬೆಳಕು ಆಯ್ದ ಕೆಲವು ಅಂಶಗಳ ಮೇಲೆ ಮಾತ್ರ ಬೀಳುತ್ತದೆ.

ಹೈ-ಕೀ ಚಿತ್ರದ ಬಿಳುಪು ಹಿನ್ನೆಲೆ, ಉಡುಪು ಮತ್ತು ಸುತ್ತಲಿನ ಬೆಳಕಿನಿಂದ ಬರತಕ್ಕದ್ದು. ಚಿತ್ರದಲ್ಲಿರುವ ವ್ಯಕ್ತಿಯ ಮೈಬಣ್ಣವನ್ನು ತಿಳಿಗೊಳಿಸುವುದು ಈ ವಿಧಾನದ ಉದ್ದೇಶವಲ್ಲ. ಈ ವ್ಯತ್ಯಾಸವು ವಿವಿಧ ಮೈಬಣ್ಣದ ಜನರು ಒಟ್ಟಿಗೆ ಬಾಳುವ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಪ್ರದೇಶಗಳಲ್ಲಿ ವಿಶೇಷವಾಗಿ ಮುಖ್ಯವಾಗುತ್ತದೆ.

## ಹೆಸರು ಮತ್ತು ಹಿನ್ನೆಲೆ

ಒಂದು ದೃಶ್ಯವನ್ನು ಬೆಳಗುವ ಪ್ರಧಾನ ದೀಪಕ್ಕೆ 'ಕೀ ಲೈಟ್' ಎಂದೂ, ಅದರಿಂದ ಉಂಟಾಗುವ ನೆರಳನ್ನು ತಗ್ಗಿಸುವ ದೀಪಕ್ಕೆ 'ಫಿಲ್ ಲೈಟ್' ಎಂದೂ ಹೆಸರು. ವ್ಯಕ್ತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೋರಿಸಲು ಹಿಂದಿನಿಂದ ಬೀಳಿಸುವ ದೀಪ 'ಬ್ಯಾಕ್ ಲೈಟ್'. ಈ ಮೂರೂ ಸೇರಿದ ವ್ಯವಸ್ಥೆಯನ್ನು ಮೂರು ಬಿಂದುಗಳ ಬೆಳಕು ಎನ್ನಲಾಗುತ್ತದೆ.

ಆರಂಭದ ದಿನಗಳ ಚಲನಚಿತ್ರ ಫಿಲ್ಮ್‌ಗಳಿಗೂ ದೂರದರ್ಶನ ಕ್ಯಾಮೆರಾಗಳಿಗೂ ಪ್ರಖರ ಬೆಳಕು ಮತ್ತು ಗಾಢ ನೆರಳನ್ನು ಏಕಕಾಲಕ್ಕೆ ದಾಖಲಿಸುವ ಸಾಮರ್ಥ್ಯ ಕಡಿಮೆಯಿತ್ತು. ಆದ್ದರಿಂದ ನೆರಳಿನ ಭಾಗಕ್ಕೂ ಸಾಕಷ್ಟು ಬೆಳಕು ಒದಗಿಸುವುದು ಅನಿವಾರ್ಯವಾಗಿತ್ತು. 1951ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಗೆ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಅವರು ಇಡೀ ರಂಗವನ್ನು ಸಮನಾಗಿ ಬೆಳಗುವ ವ್ಯವಸ್ಥೆ ಮಾಡಿದರು. ಇದರಿಂದ ಮೂರು ಕ್ಯಾಮೆರಾಗಳು ಮೂರು ಕೋನಗಳಿಂದ ಒಟ್ಟಿಗೆ ಚಿತ್ರೀಕರಿಸಲು ಸಾಧ್ಯವಾಯಿತು. ಮುಂದೆ ಕಡಿಮೆ ನೆರಳಿನ ಈ ಬೆಳಕು ಹಾಸ್ಯ ಮತ್ತು ಸಂಗೀತಪ್ರಧಾನ ಕಾರ್ಯಕ್ರಮಗಳ ಸಾಮಾನ್ಯ ಶೈಲಿಯಾಯಿತು.

ಭಾರತದಲ್ಲಿ ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಚಿತ್ರಕ್ಕಾಗಿ ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ದೀಪದ ಬೆಳಕನ್ನು ಬಟ್ಟೆಯ ಮೇಲೆ ಬೀಳಿಸಿ, ಅಲ್ಲಿಂದ ಪ್ರತಿಫಲಿಸಿದ ಮೃದು ಬೆಳಕಿನಿಂದ ಮನೆಯ ಒಳಾಂಗಳದ ಹಗಲನ್ನು ಸೃಷ್ಟಿಸಿದರು. ಬೆಳಕನ್ನು ಹೀಗೆ ಪ್ರತಿಫಲಿಸಿ ಮೃದುಗೊಳಿಸುವುದು ಹೈ-ಕೀ ವಿಧಾನಕ್ಕೂ ಆಧಾರವಾಗಿದೆ. ಮೈಸೂರಿನವರಾದ ವಿ. ಕೆ. ಮೂರ್ತಿ ಅವರು 'ಕಾಗಜ್ ಕೇ ಫೂಲ್' (1959) ಚಿತ್ರದಲ್ಲಿ ಬಳಸಿದ ಬೆಳಕು ಇದಕ್ಕೆ ವಿರುದ್ಧ ಮಾದರಿಯದು. ಕತ್ತಲೆಯನ್ನು ಸೀಳಿ ಬರುವ ಬೆಳಕಿನ ಕೋಲಿನಿಂದ ಆ ಚಿತ್ರ ಪ್ರಸಿದ್ಧವಾಗಿದೆ. ಮಲೆನಾಡಿನಲ್ಲಿ ದೊಂದಿಯ ಬೆಳಕಿನಲ್ಲಿ ನಡೆಯುವ ಯಕ್ಷಗಾನ ಪ್ರದರ್ಶನವು ಲೋ-ಕೀ ಬೆಳಕಿಗೆ ಸಹಜ ಉದಾಹರಣೆ.

## ಬೆಳಕಿನ ಅನುಪಾತ

ಮುಖದ ಬೆಳಗಿದ ಭಾಗಕ್ಕೂ ನೆರಳಿನ ಭಾಗಕ್ಕೂ ಇರುವ ಬೆಳಕಿನ ಅಂತರವನ್ನು ಬೆಳಕಿನ ಅನುಪಾತ ಎನ್ನುತ್ತಾರೆ. ಬೆಳಗಿದ ಭಾಗದ ಮೇಲೆ ನೆರಳಿನ ಭಾಗಕ್ಕಿಂತ ಎರಡು ಪಟ್ಟು ಬೆಳಕು ಬೀಳುತ್ತಿದ್ದರೆ ಅನುಪಾತ 2:1. ಇದು ಒಂದು 'ಸ್ಟಾಪ್' ಅಂತರಕ್ಕೆ ಸಮ. ಎಂಟು ಪಟ್ಟು ಬೆಳಕಿದ್ದರೆ ಅನುಪಾತ 8:1, ಅಂದರೆ ಮೂರು ಸ್ಟಾಪ್. ಹೈ-ಕೀ ಭಾವಚಿತ್ರಗಳಲ್ಲಿ ಅನುಪಾತವು ಸಾಮಾನ್ಯವಾಗಿ 2:1 ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಲೋ-ಕೀ ಚಿತ್ರಗಳಲ್ಲಿ ಅದು 8:1 ಅಥವಾ ಅದಕ್ಕೂ ಹೆಚ್ಚು ಇರಬಹುದು.

ಬೆಳಕಿನ ಆಕರವು ವಸ್ತುವಿನ ಹೋಲಿಕೆಯಲ್ಲಿ ದೊಡ್ಡದಾಗಿದ್ದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಸ್ಟುಡಿಯೊಗಳಲ್ಲಿ ಸಾಫ್ಟ್‌ಬಾಕ್ಸ್, ಬಿಳಿ ಕೊಡೆ, ಥರ್ಮಾಕೋಲ್ ಹಲಗೆ ಮುಂತಾದವುಗಳನ್ನು ಬಳಸುವುದು ಈ ಕಾರಣಕ್ಕಾಗಿಯೇ.

## ಅತಿ ಎಕ್ಸ್‌ಪೋಶರ್‌ನಿಂದ ಇರುವ ವ್ಯತ್ಯಾಸ

ಕ್ಯಾಮೆರಾಕ್ಕೆ ಅಗತ್ಯಕ್ಕಿಂತ ಹೆಚ್ಚು ಬೆಳಕು ಪ್ರವೇಶಿಸಿ ವಿವರಗಳು ಅಳಿಸಿಹೋಗುವುದನ್ನು ಅತಿ ಎಕ್ಸ್‌ಪೋಶರ್ ಎನ್ನಲಾಗುತ್ತದೆ. ಅದು ಒಂದು ದೋಷ. ಹೈ-ಕೀ ಚಿತ್ರದಲ್ಲಿ ಹಿನ್ನೆಲೆಯು ಸಂಪೂರ್ಣ ಬಿಳಿಯಾಗಿರಬಹುದು. ಆದರೆ ಮುಖ, ಕೂದಲು ಮತ್ತು ಬಟ್ಟೆಯ ನೇಯ್ಗೆಯ ವಿವರಗಳು ಉಳಿದಿರಬೇಕು. ಕಣ್ಣಿನ ಪಾಪೆ, ಹುಬ್ಬು ಮೊದಲಾದ ಕೆಲವು ಅಂಶಗಳಾದರೂ ಗಾಢವಾಗಿದ್ದರೆ ಮಾತ್ರ ಉಳಿದ ಬಿಳುಪು ಬಿಳುಪಾಗಿ ಕಾಣುತ್ತದೆ.

ಡಿಜಿಟಲ್ ಕ್ಯಾಮೆರಾದ ಹಿಸ್ಟೋಗ್ರಾಮ್ ಈ ವ್ಯತ್ಯಾಸವನ್ನು ತೋರಿಸುತ್ತದೆ. 8-ಬಿಟ್ ಚಿತ್ರದಲ್ಲಿ ಸಂಪೂರ್ಣ ಕಪ್ಪಿನ ಮೌಲ್ಯ 0, ಸಂಪೂರ್ಣ ಬಿಳಿಯ ಮೌಲ್ಯ 255. ಹೈ-ಕೀ ಚಿತ್ರದ ಹಿಸ್ಟೋಗ್ರಾಮ್ ಬಲಗಡೆಗೆ ಒತ್ತಿಕೊಂಡಿದ್ದರೂ, ಮುಖಕ್ಕೆ ಸಂಬಂಧಿಸಿದ ಭಾಗ 255ನ್ನು ಮುಟ್ಟಿರುವುದಿಲ್ಲ. ಮುಖದ ಭಾಗವೂ 255ಕ್ಕೆ ತಲುಪಿದ್ದರೆ ಅಲ್ಲಿಯ ವಿವರಗಳನ್ನು ಅನಂತರದ ಸಂಸ್ಕರಣೆಯಲ್ಲಿ ಮರಳಿ ಪಡೆಯುವುದು ಕಷ್ಟ.

ಉದ್ದ ಷಟರ್ ಅವಧಿಯಲ್ಲಿ ಜಲಪಾತದ ನೀರು ಹಾಲಿನಂತೆ ಬೆಳ್ಳಗೆ ಕಾಣುವ ಚಿತ್ರಗಳನ್ನು ಕೆಲವೊಮ್ಮೆ ತಪ್ಪಾಗಿ ಹೈ-ಕೀ ಎಂದು ಕರೆಯಲಾಗುತ್ತದೆ. ನೀರಿನ ಸುತ್ತಲಿನ ಬಂಡೆ ಮತ್ತು ಕಾಡು ಗಾಢವಾಗಿದ್ದರೆ ಆ ಚಿತ್ರವು ಹೆಚ್ಚು ವೈದೃಶ್ಯವುಳ್ಳ ಚಿತ್ರವೇ ಹೊರತು ಹೈ-ಕೀ ಅಲ್ಲ.

## ಸ್ಟುಡಿಯೊ ವ್ಯವಸ್ಥೆ

ಹೈ-ಕೀ ಭಾವಚಿತ್ರಕ್ಕೆ ಸಾಮಾನ್ಯವಾಗಿ ಬಿಳಿ ಹಿನ್ನೆಲೆ, ಹಿನ್ನೆಲೆಗೆ ಮೀಸಲಾದ ಎರಡು ದೀಪಗಳು, ಮುಖಕ್ಕೆ ಒಂದು ದೊಡ್ಡ ಮೃದು ದೀಪ ಹಾಗೂ ಇನ್ನೊಂದು ಬದಿಯಲ್ಲಿ ಪ್ರತಿಫಲಕ ಬೇಕಾಗುತ್ತವೆ. ಹಿನ್ನೆಲೆಗೆ ಪ್ರತ್ಯೇಕ ದೀಪ ಏಕೆ ಬೇಕೆಂಬುದನ್ನು ಬೆಳಕಿನ ವಿಲೋಮ ವರ್ಗ ನಿಯಮ ವಿವರಿಸುತ್ತದೆ. ಚಿಕ್ಕ ಆಕರದಿಂದ ದೂರವಾದಂತೆ ಬೆಳಕು ದೂರದ ವರ್ಗಕ್ಕೆ ಅನುಗುಣವಾಗಿ ಕ್ಷೀಣಿಸುತ್ತದೆ. ವ್ಯಕ್ತಿಯು ದೀಪದಿಂದ 1 ಮೀಟರ್ ದೂರದಲ್ಲಿಯೂ ಗೋಡೆಯು 3 ಮೀಟರ್ ದೂರದಲ್ಲಿಯೂ ಇದ್ದರೆ, ಗೋಡೆಯ ಮೇಲೆ ಬೀಳುವುದು ವ್ಯಕ್ತಿಯ ಮೇಲೆ ಬೀಳುವ ಬೆಳಕಿನ ಸುಮಾರು ಒಂಬತ್ತನೆಯ ಒಂದು ಭಾಗ. ಆಗ ಬಿಳಿ ಗೋಡೆಯೂ ಚಿತ್ರದಲ್ಲಿ ಗಾಢ ಬೂದು ಬಣ್ಣದ್ದಾಗಿ ಕಾಣುತ್ತದೆ.

ಮುಖಕ್ಕೆ ಎಫ್/8 ಅಳತೆ ಬಂದರೆ ಹಿನ್ನೆಲೆಗೆ ಎಫ್/11 ಅಥವಾ ಅದಕ್ಕಿಂತ ತುಸು ಹೆಚ್ಚಿನ ಅಳತೆ ಬರುವಂತೆ ದೀಪಗಳನ್ನು ಹೊಂದಿಸುವುದು ರೂಢಿ. ಹಿನ್ನೆಲೆಯ ಬೆಳಕು ಇದಕ್ಕಿಂತ ಬಹಳ ಹೆಚ್ಚಾದರೆ ಅದು ಕೆನ್ನೆ ಮತ್ತು ಕೂದಲಿನ ಅಂಚುಗಳನ್ನು ಆವರಿಸಿಕೊಳ್ಳುತ್ತದೆ. ಮಸೂರದೊಳಗೆ ಚದುರಿ ಚಿತ್ರವನ್ನು ಮಸುಕಾಗಿಸುತ್ತದೆ. ವ್ಯಕ್ತಿಯನ್ನು ಹಿನ್ನೆಲೆಯಿಂದ ಒಂದೂವರೆ–ಎರಡು ಮೀಟರ್ ಮುಂದೆ ನಿಲ್ಲಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

## ಸಹಜ ಬೆಳಕಿನಲ್ಲಿ ಹೈ-ಕೀ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಪಶ್ಚಿಮ ಘಟ್ಟದ ಮೇಲಿನ ಮಲೆನಾಡಿಗೆ ಸೇರಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇಲ್ಲಿನ ಆಕಾಶವು ಬಹುಪಾಲು ಮೋಡ ಕವಿದಿರುತ್ತದೆ. ಮೋಡದ ಪದರವು ಸೂರ್ಯನ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದುರಿಸಿ, ಇಡೀ ಆಕಾಶವನ್ನೇ ಒಂದು ದೊಡ್ಡ ಮೃದು ದೀಪವನ್ನಾಗಿ ಮಾಡುತ್ತದೆ. ದೀಪಗಳ ಸಹಾಯವಿಲ್ಲದೆ ಹೈ-ಕೀ ಚಿತ್ರಗಳನ್ನು ತೆಗೆಯಲು ಇದು ಅನುಕೂಲಕರ.

ಮಂಜು ಇನ್ನೊಂದು ಸಹಜ ಸಾಧನ. ಸಿದ್ದಾಪುರ ತಾಲೂಕಿನ ಗಡಿಯಲ್ಲಿ ಶರಾವತಿ ನದಿಯು 253 ಮೀಟರ್ ಆಳಕ್ಕೆ ಧುಮುಕುವ ಜೋಗ ಜಲಪಾತ, ಅದೇ ತಾಲೂಕಿನಲ್ಲಿ ಅಘನಾಶಿನಿ ನದಿಯ ಉಂಚಳ್ಳಿ ಜಲಪಾತ ಮತ್ತು ಯಲ್ಲಾಪುರ ತಾಲೂಕಿನಲ್ಲಿ ಬೇಡ್ತಿ ನದಿಯ ಮಾಗೋಡು ಜಲಪಾತಗಳು ಮಳೆಗಾಲದಲ್ಲಿ ಆಗಾಗ ಮಂಜಿನಿಂದ ಮುಚ್ಚಿಹೋಗುತ್ತವೆ. ಮಂಜು ದೂರದ ಗಾಢ ಬಣ್ಣಗಳನ್ನು ತಿಳಿಗೊಳಿಸುವುದರಿಂದ ದೃಶ್ಯವು ತಾನಾಗಿಯೇ ಹೈ-ಕೀ ಆಗುತ್ತದೆ. ಆದರೆ ಕ್ಯಾಮೆರಾದ ಸ್ವಯಂಚಾಲಿತ ಮೀಟರು ಯಾವುದೇ ದೃಶ್ಯವನ್ನು ಸರಾಸರಿ ಮಧ್ಯಮ ಬೂದು ಬಣ್ಣಕ್ಕೆ ತರಲು ಯತ್ನಿಸುತ್ತದೆ. ಪರಿಣಾಮವಾಗಿ ಬಿಳಿ ಮಂಜು ಕೊಳೆಯಾದ ಬೂದು ಬಣ್ಣ ಪಡೆಯುತ್ತದೆ. ಎಕ್ಸ್‌ಪೋಶರ್ ಹೊಂದಾಣಿಕೆಯನ್ನು +1 ಅಥವಾ +1.5ಕ್ಕೆ ಏರಿಸಿದರೆ ಮಂಜು ಬಿಳಿಯಾಗಿಯೇ ಉಳಿಯುತ್ತದೆ.

ಮನೆಯ ಜಗಲಿಯಲ್ಲಿಯೂ ಹೈ-ಕೀ ಭಾವಚಿತ್ರ ಸಾಧ್ಯ. ಮೋಡ ಕವಿದ ದಿನ ಬೆಳಕಾದ ಅಂಗಳವು ಹಿನ್ನೆಲೆಯಾಗುವಂತೆ ವ್ಯಕ್ತಿಯನ್ನು ಜಗಲಿಯ ಅಂಚಿನಲ್ಲಿ ಕೂರಿಸಿ, ಮುಖದ ಮುಂದೆ ಬಿಳಿ ಪಂಚೆ ಅಥವಾ ಥರ್ಮಾಕೋಲ್ ಹಲಗೆ ಹಿಡಿದರೆ ಅಂಗಳದ ಬೆಳಕೇ ಮುಖಕ್ಕೆ ಹಿಂದಿರುಗುತ್ತದೆ. ಮುಖಕ್ಕೆ ತಕ್ಕಂತೆ ಎಕ್ಸ್‌ಪೋಶರ್ ಇಟ್ಟಾಗ ಅಂಗಳವು ಬಿಳಿಯಾಗುತ್ತದೆ. ಅಡಿಕೆ ತೋಟದ ಒಳಗೆ ಎಲೆಗಳಿಂದ ಬರುವ ಹಸಿರು ಛಾಯೆಯೂ, ಕೆಮ್ಮಣ್ಣಿನ ಅಂಗಳದಲ್ಲಿ ಗಲ್ಲದ ಕೆಳಗೆ ಕೆಂಪು ಛಾಯೆಯೂ ಚರ್ಮದ ಮೇಲೆ ಬೀಳುತ್ತವೆ. ಬೂದು ಕಾರ್ಡ್ ಅಥವಾ ಬಿಳಿ ಕಾಗದವನ್ನು ಆಧರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿ ಇದನ್ನು ತಗ್ಗಿಸಬಹುದು.

## ಮೈಬಣ್ಣ ಮತ್ತು ಹೈ-ಕೀ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗ ವಾಸಿಸುತ್ತದೆ. ಇವರ ಪೂರ್ವಜರಲ್ಲಿ ಅನೇಕರನ್ನು ಗುಲಾಮರನ್ನಾಗಿ ಪಶ್ಚಿಮ ಕರಾವಳಿಗೆ ತರಲಾಗಿತ್ತು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಈ ಭಾಗದ ಶಾಲೆಯ ಗುಂಪು ಚಿತ್ರವೊಂದರಲ್ಲಿ ಗಾಢ ಮತ್ತು ತಿಳಿ ಮೈಬಣ್ಣದ ಮಕ್ಕಳು ಸುಣ್ಣ ಬಳಿದ ಗೋಡೆಯ ಮುಂದೆ ಅಕ್ಕಪಕ್ಕದಲ್ಲಿ ನಿಲ್ಲುವುದು ಸಾಮಾನ್ಯ. ಇಂತಹ ಸನ್ನಿವೇಶದಲ್ಲಿ ಎರಡು ಬಗೆಯ ತಪ್ಪುಗಳು ಆಗುತ್ತವೆ.

ಮೊದಲನೆಯದು, ಮುಖ ಕಪ್ಪಾಗಿ ವಿವರಗಳು ಮಾಯವಾಗುವುದು. ಮಧ್ಯಮ ಬೂದು ತನ್ನ ಮೇಲೆ ಬಿದ್ದ ಬೆಳಕಿನ ಶೇ. 18ರಷ್ಟನ್ನು ಪ್ರತಿಫಲಿಸಿದರೆ, ಬಿಳಿ ಗೋಡೆ ಸುಮಾರು ಶೇ. 90ರಷ್ಟನ್ನು ಪ್ರತಿಫಲಿಸಬಲ್ಲದು. ಮೀಟರು ಗೋಡೆಯನ್ನು ಬೂದು ಮಾಡಲು ಎಕ್ಸ್‌ಪೋಶರನ್ನು ಎರಡು ಸ್ಟಾಪ್‌ಗಿಂತ ಹೆಚ್ಚು ತಗ್ಗಿಸಬಹುದು. ಆಗ ಗಾಢ ಬಣ್ಣದ ಮುಖದಲ್ಲಿ ಕಣ್ಣು–ಹಲ್ಲುಗಳ ಹೊರತು ಏನೂ ಉಳಿಯುವುದಿಲ್ಲ. ಎರಡನೆಯದು, ಹೈ-ಕೀ ಹೆಸರಿನಲ್ಲಿ ಮುಖವನ್ನೇ ತಿಳಿಗೊಳಿಸುವುದು. ಮೊಬೈಲ್ ಫೋನುಗಳ ಸೌಂದರ್ಯ ಫಿಲ್ಟರ್‌ಗಳೂ ಇದನ್ನು ಮಾಡುತ್ತವೆ. ಎರಡರಲ್ಲಿಯೂ ಚಿತ್ರವು ವ್ಯಕ್ತಿಯ ನಿಜವಾದ ರೂಪವನ್ನು ದಾಖಲಿಸುವುದಿಲ್ಲ. ಶಾಲೆಯ ಗುಂಪು ಚಿತ್ರವೇ ಬಾಲ್ಯದ ಏಕೈಕ ಛಾಯಾಚಿತ್ರವಾಗಿರುವ ಮಕ್ಕಳಿಗೆ ಈ ನಷ್ಟ ಸಣ್ಣದಲ್ಲ.

ಈ ಸಮಸ್ಯೆಗೆ ತಂತ್ರಜ್ಞಾನದ ಇತಿಹಾಸವೂ ಕಾರಣ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಬಣ್ಣದ ಮುದ್ರಣವನ್ನು ಹೊಂದಿಸಲು ಕೊಡಾಕ್ ಸಂಸ್ಥೆಯು ಪ್ರಯೋಗಾಲಯಗಳಿಗೆ ಒದಗಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ಇದ್ದುದು ಬಿಳಿಯ ಮಹಿಳೆಯ ಚಿತ್ರ. ಅವಳ ಮೈಬಣ್ಣ ಸರಿಯಾಗಿ ಬಂದರೆ ಮುದ್ರಣ ಸರಿಯೆಂದು ಭಾವಿಸಲಾಗುತ್ತಿತ್ತು. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಅವರ ಅಧ್ಯಯನವು, ಗಾಢ ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂಬ ದೂರುಗಳು ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಜಾಹೀರಾತುದಾರರಿಂದಲೂ ಬಂದಿದ್ದವೆಂಬುದನ್ನು ದಾಖಲಿಸಿದೆ. ಅನಂತರ ಫಿಲ್ಮ್‌ಗಳು ಸುಧಾರಿಸಿದವು. ವಿವಿಧ ಮೈಬಣ್ಣದವರಿರುವ ಕಾರ್ಡ್‌ಗಳೂ ಬಂದವು. 2022ರಲ್ಲಿ ಗೂಗಲ್ ಸಂಸ್ಥೆಯು ಸಮಾಜವಿಜ್ಞಾನಿ ಎಲಿಸ್ ಮಾಂಕ್ ಅವರು ರೂಪಿಸಿದ ಹತ್ತು ಛಾಯೆಗಳ ಮೈಬಣ್ಣದ ಮಾಪಕವನ್ನು ಬಿಡುಗಡೆ ಮಾಡಿತು.

### ಸರಿಯಾದ ಅಳತೆ

ವಸ್ತುವಿನಿಂದ ಪ್ರತಿಫಲಿಸಿದ ಬೆಳಕಿನ ಬದಲು ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಕೈಮೀಟರು ಈ ಸನ್ನಿವೇಶಕ್ಕೆ ಸೂಕ್ತ. ಮುಖದ ಬಳಿ ಹಿಡಿದು ಅಳೆದಾಗ ಅದರ ಅಳತೆಯು ಮೈಬಣ್ಣವನ್ನಾಗಲಿ ಗೋಡೆಯ ಬಣ್ಣವನ್ನಾಗಲಿ ಅವಲಂಬಿಸುವುದಿಲ್ಲ. ಅದರಂತೆ ಎಕ್ಸ್‌ಪೋಶರ್ ಇಟ್ಟರೆ ಗಾಢ ಮೈಬಣ್ಣ ಗಾಢವಾಗಿ, ತಿಳಿ ಮೈಬಣ್ಣ ತಿಳಿಯಾಗಿ, ಬಿಳಿ ಗೋಡೆ ಬಿಳಿಯಾಗಿ ಮೂಡುತ್ತವೆ. ಕೈಮೀಟರು ಇಲ್ಲದಿದ್ದರೆ ಶೇ. 18ರ ಬೂದು ಕಾರ್ಡನ್ನು ಮುಖದ ಬಳಿ ಹಿಡಿದು ಅದರಿಂದ ಅಳತೆ ಪಡೆಯಬಹುದು.

ಮುಖದ ಮೇಲೆಯೇ ಸ್ಪಾಟ್ ಮೀಟರಿಂಗ್ ಮಾಡುವಾಗ ಎಚ್ಚರ ಬೇಕು. ಮೀಟರು ಪ್ರತಿ ಮುಖವನ್ನೂ ಮಧ್ಯಮ ಬೂದಿಗೆ ತರುವುದರಿಂದ ತಿಳಿ ಮೈಬಣ್ಣಕ್ಕೆ ಅದರ ಅಳತೆಯನ್ನು ಸುಮಾರು ಒಂದು ಸ್ಟಾಪ್ ಏರಿಸಬೇಕಾಗುತ್ತದೆ. ಗಾಢ ಮೈಬಣ್ಣಕ್ಕೆ ತಗ್ಗಿಸಬೇಕಾಗಬಹುದು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಅವರು 1940ರ ಸುಮಾರಿಗೆ ರೂಪಿಸಿದ ವಲಯ ಪದ್ಧತಿಯಲ್ಲಿ ಮಧ್ಯಮ ಬೂದು ಐದನೆಯ ವಲಯ. ಬಿಸಿಲಿನಲ್ಲಿರುವ ಬಿಳಿಯರ ಮೈಬಣ್ಣ ಆರನೆಯ ವಲಯ.

ಬೆಳಕಿನ ದಿಕ್ಕೂ ಮುಖ್ಯವೇ. ತಿಳಿ ಚರ್ಮದಲ್ಲಿ ಮುಖದ ಉಬ್ಬುತಗ್ಗುಗಳನ್ನು ಹೆಚ್ಚಾಗಿ ನೆರಳು ತೋರಿಸಿದರೆ, ಗಾಢ ಚರ್ಮದಲ್ಲಿ ಹಣೆ, ಕೆನ್ನೆ, ಮೂಗಿನ ಮೇಲೆ ಮೂಡುವ ಹೊಳಪು ತೋರಿಸುತ್ತದೆ. ಆದ್ದರಿಂದ ದೊಡ್ಡ ಮೃದು ಆಕರವನ್ನು ನೇರ ಮುಂದಿನಿಂದ ಇಡದೆ ಬದಿಗೆ ಸರಿಸಿದರೆ ಹೊಳಪು ಅಗಲವಾಗಿ ಹರಡಿ ಮುಖದ ಆಕಾರ ಸ್ಪಷ್ಟವಾಗುತ್ತದೆ. ಬಿಳಿ ಹಿನ್ನೆಲೆಯ ಮುಂದೆ ಗಾಢ ಮೈಬಣ್ಣದ ಮುಖದ ಅಂಚು ತಾನಾಗಿಯೇ ಎದ್ದು ಕಾಣುವುದರಿಂದ ಹೈ-ಕೀ ವಿಧಾನವು ಅಂತಹ ಭಾವಚಿತ್ರಗಳಿಗೆ ಚೆನ್ನಾಗಿ ಒಪ್ಪುತ್ತದೆ.

## ಉಪಯೋಗ ಮತ್ತು ಮಿತಿಗಳು

ಹೈ-ಕೀ ಬೆಳಕು ಲಘುತ್ವ, ಶುಚಿತ್ವ, ಸಂತೋಷ ಮೊದಲಾದ ಭಾವಗಳನ್ನು ಸೂಚಿಸುತ್ತದೆ. ಗುರುತಿನ ಚೀಟಿಯ ಚಿತ್ರಗಳಿಗೂ ಅಂತರ್ಜಾಲ ಮಾರಾಟದ ವಸ್ತುಚಿತ್ರಗಳಿಗೂ ಬಳಸುವ ನೆರಳಿಲ್ಲದ ಬಿಳಿ ಹಿನ್ನೆಲೆ ಇದೇ ತತ್ತ್ವವನ್ನು ಆಧರಿಸಿದೆ. ಆದರೆ ನೆರಳು ತೀರ ಕಡಿಮೆಯಾದರೆ ಚಿತ್ರವು ಚಪ್ಪಟೆಯಾಗಿ ಕಾಣುತ್ತದೆ. ಬಿಳಿ ಉಡುಪು ಬಿಳಿ ಹಿನ್ನೆಲೆಯೊಂದಿಗೆ ಬೆರೆತು ಅಂಚು ಕಳೆದುಕೊಳ್ಳಬಹುದು. ಇದನ್ನು ತಪ್ಪಿಸಲು ವ್ಯಕ್ತಿಯ ಎರಡೂ ಬದಿಗೆ ಚೌಕಟ್ಟಿನ ಹೊರಗೆ ಕಪ್ಪು ಹಲಗೆಗಳನ್ನು ನಿಲ್ಲಿಸಿ ತೆಳುವಾದ ಗಾಢ ಅಂಚು ಮೂಡಿಸುತ್ತಾರೆ. ಕಾಗದದ ಮೇಲೆ ಮುದ್ರಿಸುವಾಗ ಸಂಪೂರ್ಣ ಬಿಳಿ ಭಾಗಗಳಿಗೆ ಶಾಯಿ ಬೀಳದೆ ಚಿತ್ರದ ಎಲ್ಲೆ ಪುಟದಲ್ಲಿ ಕರಗಿಹೋಗುವುದರಿಂದ, ಅಂತಹ ಚಿತ್ರಗಳಿಗೆ ತೆಳುವಾದ ಗೆರೆಯ ಚೌಕಟ್ಟು ಹಾಕುವುದುಂಟು.